ಕ್ವಾರಿಯಿಂದ ನೀರು ಎತ್ತಿದರೆ ಬಾವಿಗೆ, ಕೆರೆಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಊರ ಪಕ್ಕ ಕಲ್ಲು ಕ್ವಾರಿ ಬಂದಿದೆ, ಬೋರಿನ ನೀರು ಕಮ್ಮಿಯಾಗಿದೆ, ಕೇಳಿದರೆ ಒಂದು ದಪ್ಪ ವರದಿ ತೋರಿಸಿ "ಮಾಡೆಲ್ ಪ್ರಕಾರ ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಆ ವರದಿಯನ್ನು ಓದಬೇಕಾದವರಿಗೆ ಈ ಪುಟ. ಇಂಥ ಲೆಕ್ಕವನ್ನು ಈಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ ಆಗುತ್ತದೆ. ಇಲ್ಲಿ ಹೇಳಿರುವುದು ಹೆಚ್ಚಾಗಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರ ಕಡೆಯ ಗಟ್ಟಿ ಕಲ್ಲಿನ ನೆಲದ ಕಥೆ. ಕರಾವಳಿ ಮತ್ತು ಕಲಬುರಗಿ ಕಡೆಯವರಿಗೆ ಕೆಳಗೆ ಬೇರೆ ಉತ್ತರಗಳಿವೆ.

ಕ್ವಾರಿಯವರು ಕಲ್ಲು ತೆಗೆಯುತ್ತಾರೆ, ನೀರು ತೆಗೆಯುವುದಿಲ್ಲ. ಬಾವಿಗೆ ಹೇಗೆ ತೊಂದರೆ?

ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದ ದಿನದಿಂದ ಅದೂ ಒಂದು ಬಾವಿಯೇ. ನಾಲ್ಕು ಹೆಕ್ಟೇರ್ ಅಗಲದ ಬಾವಿ, ಅಷ್ಟೇ. ಸುತ್ತಲಿನ ನೀರು ತಗ್ಗಿನ ಕಡೆ ಜಿನುಗುತ್ತದೆ. ತಳದಲ್ಲಿ ನೀರು ನಿಂತರೆ ಡ್ರಿಲ್ಲಿಂಗ್ ಆಗುವುದಿಲ್ಲ, ಲಾರಿ ಇಳಿಯುವುದಿಲ್ಲ, ಹಾಗಾಗಿ ಪಂಪು ಹಾಕಿ ಹೊರಗೆ ಬಿಡುತ್ತಾರೆ. ಯಾರೂ ಕುಡಿಯಲಿಲ್ಲ, ಯಾವ ಬೆಳೆಗೂ ಹಾಯಿಸಲಿಲ್ಲ, ಆದರೂ ನೀರು ನೆಲದಿಂದ ಹೋಯಿತು.

ಹೋದ ನೀರು ಎಲ್ಲಿಂದಲೋ ಬಂದಿರಲೇಬೇಕು. ಮೊದಲು ನೆಲದಲ್ಲಿ ಕೂತಿದ್ದ ದಾಸ್ತಾನು ಖಾಲಿಯಾಗುತ್ತದೆ. ಆಮೇಲೆ ಹಳ್ಳಕ್ಕೋ ಒರತೆಗೋ ಜೌಗಿಗೋ ಹೋಗಬೇಕಿದ್ದ ನೀರು ಇತ್ತ ತಿರುಗುತ್ತದೆ. ಅಮೆರಿಕದ ಥೀಸ್ ಎಂಬ ಜಲವಿಜ್ಞಾನಿ ಬಾವಿಗಳ ಬಗ್ಗೆ ಇದನ್ನು 1940ರಲ್ಲೇ ಬರೆದಿದ್ದರು. ಅದು ಕ್ವಾರಿಗೂ ಹಾಗೇ ಹೊಂದುತ್ತದೆ.

ಈ "ಮಾಡೆಲ್" ಅಂದರೆ ನಿಜವಾಗಿ ಏನು?

ನೀರಿನ ಜಮಾ-ಖರ್ಚಿನ ಪುಸ್ತಕ ಅಂದುಕೊಳ್ಳಿ. ನೆಲವನ್ನು ಚೌಕ ಚೌಕ ತುಂಡು ಮಾಡುತ್ತಾರೆ. ಒಂದೊಂದು ಚೌಕಕ್ಕೂ ಮಳೆಯಿಂದ ಎಷ್ಟು ಇಂಗಿತು, ಪಕ್ಕದ ಚೌಕದಿಂದ ಎಷ್ಟು ಬಂತು, ಬೋರು ಎಷ್ಟು ಎತ್ತಿತು ಎಂದು ಬರೆಯುತ್ತಾ ಹೋಗುತ್ತಾರೆ. ಚೌಕದಿಂದ ಚೌಕಕ್ಕೆ ನೀರು ಹರಿಯುವ ನಿಯಮ ಡಾರ್ಸಿ 1856ರಲ್ಲಿ ಕೊಟ್ಟದ್ದು. ಇಳಿಜಾರು ಜಾಸ್ತಿಯಾದರೆ, ಕಲ್ಲು ನೀರು ಸಾಗಿಸುವ ಗುಣ ಜಾಸ್ತಿಯಾದರೆ, ಹರಿವೂ ಜಾಸ್ತಿ. ಅದನ್ನು ಲಕ್ಷ ಚೌಕಗಳಿಗೆ ಒಟ್ಟಿಗೆ ಮಾಡಲು ಕಂಪ್ಯೂಟರ್ ಬೇಕು, ಅಷ್ಟೇ.

ಹೆಚ್ಚಿನವರು ಬಳಸುವುದು ಅಮೆರಿಕದ ಭೂವಿಜ್ಞಾನ ಇಲಾಖೆಯ ಮಾಡ್‌ಫ್ಲೋ ಎಂಬ ಸಾಫ್ಟ್‌ವೇರ್. 1980ರ ದಶಕದಿಂದ ಇದೆ, ಉಚಿತ, ಒಳಗಿನ ಕೋಡ್ ಕೂಡ ತೆರೆದೇ ಇದೆ. ಅದಕ್ಕೆ ಚಿತ್ರ ತೋರಿಸುವ ಮಾಡೆಲ್‌ಮ್ಯೂಸ್ ಕೂಡ ಉಚಿತ. ಪೈಥಾನ್ ಕೋಡ್ ಬರೆಯಲು ಬರುವವರಿಗೆ ಅದರಿಂದಲೇ ಮಾಡ್‌ಫ್ಲೋ ಓಡಿಸುವ ಫ್ಲೋಪೈ ಇದೆ. ಅಂದರೆ "ತುಂಬಾ ದುಬಾರಿ ಸಾಫ್ಟ್‌ವೇರ್, ನಿಮಗೆ ಫೈಲು ಕೊಟ್ಟರೂ ತೆರೆಯಲು ಆಗಲ್ಲ" ಅನ್ನುವ ಮಾತನ್ನು ನಂಬಬೇಡಿ.

ನಮ್ಮ ಕಡೆ ನೆಲದಡಿ ನೀರು ಎಲ್ಲಿರುತ್ತದೆ?

ಮೇಲೆ ಮಣ್ಣು. ಅದರ ಕೆಳಗೆ ಕೊಳೆತ ಕಲ್ಲು, ಅಂದರೆ ಹಾರೆಯಲ್ಲಿ ಅಗೆದರೆ ಪುಡಿಯಾಗುವ ಬಂಡೆ. ಎಷ್ಟೋ ಕಡೆ ಇದು ಹತ್ತಿಪ್ಪತ್ತು ಮೀಟರ್ ಇರುತ್ತದೆ. ಹಳೇ ತೆರೆದ ಬಾವಿಗಳೆಲ್ಲ ಈ ಪದರದ ನೀರು ನಂಬಿಕೊಂಡೇ ಬದುಕಿದ್ದವು. ಅದರ ಕೆಳಗೆ ಬಿರುಕು ಬಿಟ್ಟ ಬಂಡೆ, ಇನ್ನೂ ಕೆಳಗೆ ಬಿರುಕೂ ಇಲ್ಲದ ಗಟ್ಟಿ ಬಂಡೆ. ಬೋರು ಸಾವಿರ ಅಡಿ ಹೋದರೂ ನೀರು ಸಿಗುವುದು ಎರಡೋ ಮೂರೋ ಸೀಳಿನಲ್ಲಿ ಮಾತ್ರ.

ಕೊಳೆತ ಕಲ್ಲು ನೀರು ಇಟ್ಟುಕೊಳ್ಳುವ ಪದರ. ಸೀಳು ನೀರು ಸಾಗಿಸುವ ದಾರಿ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ವರದಿ ಅರ್ಥವಾದ ಹಾಗೆ. ಕೊಳೆತ ಕಲ್ಲು ಕೂಡ ಹೇಳಿಕೊಳ್ಳುವಷ್ಟು ನೀರು ಬಿಡುವುದಿಲ್ಲ. ಕೇಂದ್ರದ ಅಂತರ್ಜಲ ಅಂದಾಜು ಸಮಿತಿಯ ಲೆಕ್ಕದಲ್ಲಿ ಜೇಡಿ ಜಾಸ್ತಿ ಇರುವ ಕೊಳೆತ ಗ್ರಾನೈಟ್‌ಗೆ 1.5%, ಜೇಡಿ ಕಮ್ಮಿ ಇದ್ದರೆ 3%. ನೂರು ಲೀಟರ್ ಕಲ್ಲಿನಿಂದ ಒಂದೂವರೆ ಲೀಟರ್ ನೀರು! ಅದಕ್ಕೇ ಇಲ್ಲಿ ಸ್ವಲ್ಪ ನೀರು ಎತ್ತಿದರೂ ಮಟ್ಟ ಮೀಟರ್‌ಗಟ್ಟಲೆ ಇಳಿಯುತ್ತದೆ.

ಇನ್ನೊಂದು ವಿಷಯ, ಕರಿಕಲ್ಲಿನ ಡೈಕ್‌ಗಳು. ಬೂದು ಬಂಡೆಯ ನಡುವೆ ಗೋಡೆಯ ಹಾಗೆ ಉದ್ದಕ್ಕೂ ಹೋಗಿರುತ್ತವೆ. ಕೆಲವು ನೀರನ್ನು ತಡೆಯುತ್ತವೆ, ಕೆಲವುಗಳ ಅಂಚಿನ ಸೀಳಿನಲ್ಲಿ ನೀರು ಓಡುತ್ತದೆ. ಒಂದು ಪಕ್ಕದ ಹೊಲದಲ್ಲಿ ಮೂರಿಂಚು ನೀರು, ಇನ್ನೊಂದು ಪಕ್ಕದಲ್ಲಿ ಬರೀ ಧೂಳು, ಇದನ್ನು ರೈತರು ನೋಡಿಯೇ ಇರುತ್ತಾರೆ.

ವರದಿಯಲ್ಲಿ ಕ್ವಾರಿ ಸುತ್ತ ದುಂಡಗೆ ವೃತ್ತ ಬರೆದು "ಪ್ರಭಾವ ಇಷ್ಟೇ ದೂರ" ಅಂದಿದ್ದಾರೆ. ನಂಬಬಹುದಾ?

ಒಂದೇ ಥರದ ಮರಳು ಎಲ್ಲ ದಿಕ್ಕಿಗೂ ಹರಡಿದ್ದರೆ ನಂಬಬಹುದಿತ್ತು. ನಮ್ಮ ನೆಲದಲ್ಲಿ ಇದು ಬರೀ ಚಿತ್ರ. ಸೀಳು ಈಶಾನ್ಯಕ್ಕೆ ಹೋಗಿದ್ದರೆ ಆ ದಿಕ್ಕಿನಲ್ಲಿ ಒಂದು ಕಿಲೋಮೀಟರ್ ಆಚೆಯ ಬೋರಿಗೂ ಪೆಟ್ಟು ಬೀಳಬಹುದು, ಅಡ್ಡ ದಿಕ್ಕಿನಲ್ಲಿ ಇನ್ನೂರು ಮೀಟರ್ ಹತ್ತಿರದ ಬೋರಿಗೆ ಏನೂ ಆಗದೆ ಇರಬಹುದು. ನಡುವೆ ಡೈಕ್ ಇದ್ದರಂತೂ ಅಲ್ಲಿಗೇ ನಿಲ್ಲಲೂಬಹುದು. ವೃತ್ತದ ಬದಲು ಉದ್ದನೆಯ ಮೊಟ್ಟೆಯಾಕಾರವೋ ಸೊಟ್ಟಪಟ್ಟ ಆಕಾರವೋ ಬಂದಿದ್ದರೆ, ಯಾರೋ ಆ ಜಾಗಕ್ಕೆ ಹೋಗಿ ಸೀಳುಗಳ ದಿಕ್ಕು ಅಳೆದಿದ್ದಾರೆ ಅಂತ ಸ್ವಲ್ಪ ಭರವಸೆ ಇಡಬಹುದು.

ಮಾಡೆಲ್‌ನ ಗಡಿಯನ್ನೂ ನೋಡಿ. ಅದು ಜಲಾನಯನದ ದಿಣ್ಣೆಗಳ ಮೇಲೆ, ಹಳ್ಳದ ಮೇಲೆ ಇರಬೇಕು. ಗುತ್ತಿಗೆ ಜಾಗದ ಬೇಲಿಯಿಂದ ಇಷ್ಟು ಮೀಟರ್ ಅಂತ ಪಟ್ಟಿ ಹಿಡಿದು ಎಳೆದ ಗಡಿ ನೀರಿಗೆ ಗೊತ್ತಿಲ್ಲ.

ಗುಂಡಿಯಿಂದ ಎತ್ತುವ ನೀರೆಲ್ಲ ಅಂತರ್ಜಲವೇ?

ಅಲ್ಲ. ಇಲ್ಲಿ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಒಂದು ಸರಳ ಲೆಕ್ಕ ನೋಡೋಣ.

ನಾಲ್ಕು ಹೆಕ್ಟೇರ್ ಗುಂಡಿ, ವರ್ಷಕ್ಕೆ 700 ಮಿಲಿಮೀಟರ್ ಮಳೆ. ಗುಂಡಿಯ ಮೇಲೆ ನೇರ ಬೀಳುವುದೇ 28,000 ಘನ ಮೀಟರ್. ಬೋಳು ಬಂಡೆಯಾದ್ದರಿಂದ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಳಕ್ಕೇ ಬಂದು ನಿಲ್ಲುತ್ತದೆ ಅಂದುಕೊಳ್ಳಿ. ಈಗ ಅಂತರ್ಜಲ. ಜೇಡಿ ಇರುವ ಕೊಳೆತ ಗ್ರಾನೈಟ್‌ನಲ್ಲಿ ಮಳೆಯ 8% ಇಂಗುತ್ತದೆ ಅನ್ನುವುದು ಅದೇ ಸಮಿತಿಯ ಅಂದಾಜು, ಅಂದರೆ ವರ್ಷಕ್ಕೆ 56 ಮಿಲಿಮೀಟರ್. ಗುಂಡಿ ಸುತ್ತ 300 ಮೀಟರ್ ತನಕದ ಇಂಗಿದ ನೀರೆಲ್ಲ ಗುಂಡಿಗೇ ಬಂದರೆ ವರ್ಷಕ್ಕೆ ಸುಮಾರು 15,800 ಘನ ಮೀಟರ್. ದಿನಕ್ಕೆ 43,000 ಲೀಟರ್, ಅಂದರೆ ಆರು ಸಾವಿರ ಲೀಟರಿನ ಏಳು ಟ್ಯಾಂಕರ್.

ಎರಡೂ ಹೆಚ್ಚುಕಮ್ಮಿ ಸಮ. ಹಾಗಾಗಿ ಪಂಪಿನ ಒಟ್ಟು ಲೆಕ್ಕ ಹಿಡಿದು "ಇಷ್ಟೂ ನಮ್ಮ ಬೋರಿನ ನೀರು" ಅಂದರೆ ತಪ್ಪು, "ಎಲ್ಲ ಮಳೆ ನೀರೇ" ಅಂದರೂ ತಪ್ಪು. ವೃತ್ತ ಸರಿಯಲ್ಲ ಅಂದಮೇಲೂ 300 ಮೀಟರ್ ವೃತ್ತ ಹಿಡಿದೆ, ಅಲ್ವಾ? ಇದು ಪ್ರಮಾಣ ಎಷ್ಟಿರಬಹುದು ಅಂತ ಅಂದಾಜಿಸಲು ಮಾತ್ರ. ವರದಿಯ ಸಂಖ್ಯೆ ಇದಕ್ಕಿಂತ ನೂರು ಪಟ್ಟು ಆಚೀಚೆ ಇದ್ದರೆ ಕಾರಣ ಕೇಳಬೇಕು.

ಮಳೆ ನೀರು, ನೆಲದ ನೀರು ಎರಡನ್ನೂ ಬೇರೆ ಮಾಡಿ ನೋಡುವ ಸುಲಭ ದಾರಿಯೂ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಗುಂಡಿ ತಳ ಒಮ್ಮೆ ಒಣಗಿಸಿದ ಮೇಲೂ ದಿನಾ ಪಂಪು ಓಡಿಸಬೇಕಾಗಿ ಬಂದರೆ, ಆಗ ಎತ್ತುತ್ತಿರುವುದು ನೆಲದ ನೀರು. ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಆದರೆ ಉಪ್ಪಿನಂಶ ತೋರಿಸುವ ಚಿಕ್ಕ ಮೀಟರ್ ಇಟ್ಟರೆ ಮಳೆ ನೀರಿಗೂ ಬೋರ್ ನೀರಿಗೂ ಹಲವು ಪಟ್ಟು ವ್ಯತ್ಯಾಸ ಕಾಣುತ್ತದೆ. ಕೆರೆ ನೀರು ಬರುತ್ತಿದೆಯಾ ಅಂತ ಖಾತ್ರಿ ಮಾಡಬೇಕಿದ್ದರೆ ಆಮ್ಲಜನಕ, ಜಲಜನಕದ ಐಸೊಟೋಪ್ ಪರೀಕ್ಷೆ ಮಾಡಿಸಬೇಕು. ಬಿಸಿಲಿಗೆ ಆರಿದ ಕೆರೆ ನೀರು ಅದರಲ್ಲಿ ಬೇರೆಯಾಗಿ ಕಾಣುತ್ತದೆ.

"ನಾವು ಅಂತರ್ಜಲ ಮಟ್ಟ ಮುಟ್ಟುವುದೇ ಇಲ್ಲ, ಅದು 60 ಮೀಟರ್ ಕೆಳಗಿದೆ" ಅನ್ನುತ್ತಾರೆ. ಆಮೇಲೂ ಮಾಡೆಲ್ ಬೇಕಾ?

ಆ 60 ಮೀಟರ್ ಎಲ್ಲಿ, ಯಾವಾಗ ಅಳೆದದ್ದು ಅಂತ ಮೊದಲು ಕೇಳಿ. ಪಂಪು ಓಡುತ್ತಿದ್ದ ಆಳದ ಬೋರಿನಲ್ಲಿ, ಬರದ ವರ್ಷದ ಮೇ ತಿಂಗಳಲ್ಲಿ ಅಳೆದಿದ್ದರೆ ಆ ಸಂಖ್ಯೆಗೆ ಹೆಚ್ಚು ಅರ್ಥವಿಲ್ಲ. ಆಳದ ಸೀಳಿನ ಮಟ್ಟ ಬೇರೆ, ಕೊಳೆತ ಕಲ್ಲಿನಲ್ಲಿ ನಿಂತ ನೀರಿನ ಮಟ್ಟ ಬೇರೆ.

2021ರ ನವೆಂಬರ್ ನೆನಪಿದೆಯಾ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷಗಳಿಂದ ಒಣಗಿದ್ದ ಕೆರೆಗಳೂ ಕೋಡಿ ಬಿದ್ದವು. ಅಂಥ ವರ್ಷದಲ್ಲಿ ನೀರಿನ ಮಟ್ಟ ಎಲ್ಲಿಗೆ ಬರುತ್ತದೆ ಅನ್ನುವುದು ಲೆಕ್ಕದಲ್ಲಿ ಇಲ್ಲದಿದ್ದರೆ "ಮುಟ್ಟುವುದಿಲ್ಲ" ಅನ್ನುವ ಮಾತು ಬರಗಾಲಕ್ಕೆ ಮಾತ್ರ ಸರಿ. ಗುತ್ತಿಗೆ ಇಪ್ಪತ್ತು ಮೂವತ್ತು ವರ್ಷದ್ದು. ಅಷ್ಟರಲ್ಲಿ ಒಳ್ಳೆ ಮಳೆಯ ವರ್ಷಗಳೂ ಬರುತ್ತವೆ.

ತೊಂದರೆ ಎಷ್ಟು ದಿನಕ್ಕೆ ಕಾಣುತ್ತದೆ?

ಅದು ನೀರು ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ದೂರದ ವರ್ಗವನ್ನು ನೀರು ಬಿಡುವ ಅಂಶದಿಂದ ಗುಣಿಸಿ, ಪದರ ನೀರು ಸಾಗಿಸುವ ಶಕ್ತಿಯಿಂದ ಭಾಗಿಸಿದರೆ ಒರಟಾಗಿ ದಿನಗಳು ಸಿಗುತ್ತವೆ. ಕೊಳೆತ ಕಲ್ಲಿಗೆ ನೀರು ಬಿಡುವ ಅಂಶ 2%, ಸಾಗಿಸುವ ಶಕ್ತಿ ದಿನಕ್ಕೆ 20 ಚದರ ಮೀಟರ್ ಅಂತ ಇಟ್ಟುಕೊಳ್ಳಿ. 500 ಮೀಟರ್ ದೂರದ ಬಾವಿಗೆ 250 ದಿನ. ಒಂದು ಕಿಲೋಮೀಟರ್ ದೂರಕ್ಕೆ 1,000 ದಿನ. ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು.

ಅದೇ ನೀರು ಒತ್ತಡದಲ್ಲಿರುವ ಸೀಳಾದರೆ? ಅಲ್ಲಿ ಆ 2%ರ ಜಾಗದಲ್ಲಿ 0.01% ಬರುತ್ತದೆ. ಅದೇ 500 ಮೀಟರ್‌ಗೆ ಒಂದೂಕಾಲು ದಿನ ಸಾಕು.

ಇದರಿಂದ ಎರಡು ಥರದ ಜಗಳ ಹುಟ್ಟುತ್ತದೆ. ಒಬ್ಬ ರೈತ "ಗುಂಡಿಯಲ್ಲಿ ನೀರು ಬಂದ ಮಾರನೇ ದಿನವೇ ನನ್ನ ಬೋರು ನಿಂತಿತು" ಅನ್ನುತ್ತಾನೆ, ಅಧಿಕಾರಿ ಅಷ್ಟು ಬೇಗ ಸಾಧ್ಯವೇ ಇಲ್ಲ ಅನ್ನುತ್ತಾರೆ. ಸಾಧ್ಯ. ಇನ್ನೊಬ್ಬನ ತೆರೆದ ಬಾವಿ ಮೂರು ವರ್ಷದ ನಂತರ ಇಳಿಯುತ್ತದೆ, ಆಗ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಅದೂ ಕ್ವಾರಿಯದ್ದೇ ಇರಬಹುದು. ಆರು ತಿಂಗಳು ನೋಡಿದೆವು, ಏನೂ ಆಗಿಲ್ಲ ಅನ್ನುವ ವರದಿಗೆ ಈ ಲೆಕ್ಕ ತೋರಿಸಿ.

ಮಾಡೆಲ್ ಒಳಗೆ ಕ್ವಾರಿಯನ್ನು ಹೇಗೆ ಇಡುತ್ತಾರೆ?

ಸಾಮಾನ್ಯವಾಗಿ ಡ್ರೈನ್ ಚೌಕಗಳಾಗಿ. ಗುಂಡಿಯ ತಳ ಯಾವ ಮಟ್ಟದಲ್ಲಿದೆಯೋ ಅದಕ್ಕಿಂತ ಮೇಲೆ ನೀರಿದ್ದರೆ ಚೌಕ ಅದನ್ನು ಹೊರಗೆ ಹಾಕುತ್ತದೆ, ಕೆಳಗಿದ್ದರೆ ಸುಮ್ನೆ ಇರುತ್ತದೆ. ಗುಂಡಿ ವರ್ಷ ವರ್ಷ ಆಳವಾದ ಹಾಗೆ ತಳದ ಮಟ್ಟವನ್ನೂ ಇಳಿಸುತ್ತಾ ಬರಬೇಕು. ಬರೀ ಈಗಿನ ಆಳ ಇಟ್ಟು ಲೆಕ್ಕ ಮಾಡಿದ್ದರೆ ಅದು ಕೊನೆಯ ಹಂತದ ಉತ್ತರವಲ್ಲ. ಗಣಿ ಯೋಜನೆಯಲ್ಲಿ ಕೊನೆಯ ಆಳ ಬರೆದಿರುತ್ತದೆ, ಅದನ್ನು ಹಿಡಿದು ಹೋಲಿಸಿ.

ಕೆರೆಯನ್ನು ಮಾಡೆಲ್‌ನಲ್ಲಿ ಹೇಗೆ ತೋರಿಸಿದ್ದಾರೆ ಅನ್ನುವುದು ಅಷ್ಟು ಮುಖ್ಯವಾ?

ಇಡೀ ವರದಿಯಲ್ಲಿ ಒಂದೇ ಒಂದು ವಿಷಯ ಪರೀಕ್ಷೆ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಸೋಮಾರಿ ದಾರಿ ಏನೆಂದರೆ ಕೆರೆಗೆ ಒಂದು ಸ್ಥಿರ ಮಟ್ಟ ಕೊಟ್ಟುಬಿಡುವುದು. ಅದನ್ನು ಕಾನ್‌ಸ್ಟಂಟ್ ಹೆಡ್ ಅನ್ನುತ್ತಾರೆ. ಆಗ ಕಂಪ್ಯೂಟರ್‌ಗೆ ಆ ಕೆರೆ ಎಂದೂ ಬತ್ತದ ಅಕ್ಷಯ ಪಾತ್ರೆ. ಕ್ವಾರಿ ಎಷ್ಟೇ ಎಳೆದರೂ ಕೆರೆಯ ಮಟ್ಟ ಒಂದಿಂಚೂ ಇಳಿಯುವುದಿಲ್ಲ. ಆಮೇಲೆ ನಕ್ಷೆಯಲ್ಲಿ ನೋಡಿದರೆ ಇಳಿತದ ಗೆರೆಗಳು ಕೆರೆಯ ಹತ್ತಿರ ಬಂದು ನಿಂತಿರುತ್ತವೆ, ಅದನ್ನು ತೋರಿಸಿ "ಕೆರೆಗೆ ಪರಿಣಾಮ ಶೂನ್ಯ" ಅಂತ ಬರೆಯುತ್ತಾರೆ. ಉತ್ತರವನ್ನು ಮೊದಲೇ ಒಳಗೆ ಹಾಕಿ ಹೊರಗೆ ತೆಗೆದ ಹಾಗಾಯಿತು. ಮೋಸ ಅಂತಲೇ ಹೇಳಲಾರೆ, ಹಲವರು ಯೋಚನೆ ಮಾಡದೆ ಹೀಗೆ ಮಾಡುತ್ತಾರೆ. ಪರಿಣಾಮ ಮಾತ್ರ ಒಂದೇ.

ಸರಿಯಾದ ದಾರಿಯಲ್ಲಿ ಕೆರೆಗೂ ಅದರದೇ ಲೆಕ್ಕ ಇರುತ್ತದೆ. ಮಳೆ, ಕಾಲುವೆಯಿಂದ ಬಂದದ್ದು, ಆವಿಯಾದದ್ದು, ತೂಬಿನಿಂದ ಬಿಟ್ಟದ್ದು, ತಳದಿಂದ ಇಂಗಿದ್ದು. ಮಾಡ್‌ಫ್ಲೋದಲ್ಲಿ ಇದಕ್ಕೆ ಲೇಕ್ ಪ್ಯಾಕೇಜ್ ಇದೆ. ತಳದಲ್ಲಿ ಹೂಳು ಎಷ್ಟು ದಪ್ಪ, ಅದು ನೀರನ್ನು ಎಷ್ಟು ಬಿಡುತ್ತದೆ ಅನ್ನುವ ಸಂಖ್ಯೆಯೂ ಬೇಕು. ಹೂಳು ತೆಗೆಸಿದ ವರ್ಷ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ, ನೆನಪಿರಲಿ.

ಸ್ಥಿರ ಮಟ್ಟ ಇಟ್ಟ ಮಾಡೆಲ್ ಕೈಗೆ ಸಿಕ್ಕರೂ ದಾರಿ ಇದೆ. ಇಳಿತದ ನಕ್ಷೆ ಬಿಟ್ಟು ನೀರಿನ ಬಜೆಟ್ ಪಟ್ಟಿ ತೆಗೆಯಿರಿ. ಕ್ವಾರಿ ಇಲ್ಲದಾಗ ಕೆರೆಯಿಂದ ಎಷ್ಟು ನೀರು ಹೋಗುತ್ತಿತ್ತು, ಕ್ವಾರಿ ಬಂದಮೇಲೆ ಎಷ್ಟು? ಆ ಎರಡರ ವ್ಯತ್ಯಾಸವೇ ಕೆರೆ ಕಳೆದುಕೊಳ್ಳುವ ನೀರು.

ನಮ್ಮ ಕೆರೆಯ ಕೆಳಗೆ ಅಂತರ್ಜಲ ನೂರಾರು ಅಡಿ ಆಳಕ್ಕೆ ಹೋಗಿದೆ. ಇನ್ನೂ ಇಳಿದರೆ ಕೆರೆ ಬೇಗ ಇಂಗುತ್ತದಾ?

ಇಲ್ಲ, ಇದು ಹಲವರಿಗೆ ವಿಚಿತ್ರ ಅನಿಸುತ್ತದೆ. ಅಂತರ್ಜಲ ಕೆರೆ ತಳದ ಹತ್ತಿರವಿದ್ದಾಗ ಅದು ಇಳಿದಷ್ಟೂ ಕೆರೆ ಜಾಸ್ತಿ ಇಂಗುತ್ತದೆ. ಒಂದು ಹಂತ ದಾಟಿ ನಡುವೆ ಒಣ ಪದರ ಬಂದಮೇಲೆ ಎರಡಕ್ಕೂ ಸಂಬಂಧ ಕಡಿದುಹೋಗುತ್ತದೆ. ಆಮೇಲೆ ಎಷ್ಟು ಇಂಗುತ್ತದೆ ಅನ್ನುವುದು ಕೆರೆಯ ನೀರಿನ ಎತ್ತರ ಮತ್ತು ಹೂಳಿನ ಮೇಲೆ ಮಾತ್ರ ನಿಂತಿದೆ. ಮಟ್ಟ ಇನ್ನೂ ಇನ್ನೂರು ಅಡಿ ಇಳಿದರೂ ಅಷ್ಟೇ.

ಹಾಗಾಗಿ ಅಂಥ ಊರಿನಲ್ಲಿ ಕ್ವಾರಿ ಪಂಪಿನ ಪೆಟ್ಟು ಬೀಳುವುದು ಬೋರಿಗೆ, ಕೆರೆಗಲ್ಲ. ಒಂದು ಒಳ್ಳೆ ಮಳೆಗಾಲದಲ್ಲಿ ಸಂಬಂಧ ಮತ್ತೆ ಕೂಡಿಕೊಂಡರೆ ಕಥೆ ಮತ್ತೆ ಬದಲು. ಎರಡೂ ಸ್ಥಿತಿಯನ್ನು ಲೆಕ್ಕ ಮಾಡಿದ್ದಾರಾ ಅಂತ ಕೇಳಿ.

ಹಾಗಾದರೆ ಕೆರೆಗೆ ನಿಜವಾದ ಅಪಾಯ ಯಾವುದು?

ಬಯಲುಸೀಮೆಯಲ್ಲಿ ನನ್ನ ಪ್ರಕಾರ ಕೆರೆಗೆ ಮೊದಲ ಪೆಟ್ಟು ಬೀಳುವುದು ನೆಲದ ಮೇಲೆ. ಕ್ವಾರಿ ಇರುವುದು ಗುಡ್ಡದಲ್ಲಿ, ಕೆರೆಗೆ ನೀರು ಬರುವುದೂ ಅದೇ ಗುಡ್ಡದಿಂದ. ಬಂಡೆ ಮೇಲೆ ಬಿದ್ದ ಮಳೆ ಮೊದಲು ಸೀದಾ ರಾಜಕಾಲುವೆಗೆ ಇಳಿಯುತ್ತಿತ್ತು, ಈಗ ಗುಂಡಿಗೆ ಬೀಳುತ್ತದೆ. ತೆಗೆದ ಮಣ್ಣಿನ ಗುಡ್ಡೆ ಕಾಲುವೆಗೆ ಅಡ್ಡ ಬರುತ್ತದೆ, ಲಾರಿ ರಸ್ತೆಗೆ ಹಾಕಿದ ಮೋರಿ ಚಿಕ್ಕದಾಗಿರುತ್ತದೆ. ಕ್ರಷರ್‌ನ ಕಲ್ಲು ಹಿಟ್ಟು ಮಳೆಯಲ್ಲಿ ಕೊಚ್ಚಿ ಬಂದು ಕೆರೆ ತಳದಲ್ಲಿ ಕೂತು ಪದರ ಕಟ್ಟುತ್ತದೆ, ಕೆರೆಯಿಂದ ಕೆಳಗಿನ ಬಾವಿಗಳಿಗೆ ಇಂಗುವ ನೀರೂ ಕಮ್ಮಿಯಾಗುತ್ತದೆ. ಸ್ಫೋಟಕ್ಕೆ ಬಳಸುವ ಅಮೋನಿಯಂ ನೈಟ್ರೇಟ್‌ನ ಉಳಿಕೆ ಗುಂಡಿ ನೀರಿನಲ್ಲಿ ಸೇರಿರುತ್ತದೆ, ಅದನ್ನು ಹಾಗೇ ಕೆರೆಗೆ ಬಿಟ್ಟರೆ ಪಾಚಿ.

ಇವು ಯಾವುವೂ ಬರೀ ಅಂತರ್ಜಲದ ಮಾಡೆಲ್‌ನಲ್ಲಿ ಕಾಣುವುದಿಲ್ಲ. ಕೆರೆಗೆ ಬರುವ ಮೇಲ್ನೀರಿನ ಲೆಕ್ಕ ಬೇರೆಯಾಗಿ ಮಾಡಿ ಜೋಡಿಸಬೇಕು. ನೂರು ಪುಟದ ಅಂತರ್ಜಲ ವರದಿ ಇದ್ದು ಮೇಲ್ನೀರಿಗೆ ಅರ್ಧ ಪುಟ ಇದ್ದರೆ, ಆ ವರದಿ ಮುಖ್ಯ ಪ್ರಶ್ನೆಯನ್ನೇ ಮುಟ್ಟಿಲ್ಲ.

ಬೋರು ಬತ್ತಿದ್ದು ಕ್ವಾರಿಯಿಂದಲೋ, ಸುತ್ತಲಿನ ನೂರಾರು ಬೋರುಗಳಿಂದಲೋ?

ಕಷ್ಟದ ಪ್ರಶ್ನೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಎಷ್ಟೋ ಹೋಬಳಿಗಳಲ್ಲಿ ಬೇಸಾಯದ ಬೋರುಗಳು ಎತ್ತುವ ನೀರಿನ ಮುಂದೆ ಒಂದು ಕ್ವಾರಿಯದ್ದು ಚಿಕ್ಕದು. ಒಂದು ಎಕರೆ ಟೊಮೆಟೊ ಒಂದು ಬೆಳೆಗೆ ಎರಡು ಸಾವಿರ ಘನ ಮೀಟರ್ ಕುಡಿಯುತ್ತದೆ ಅಂದುಕೊಂಡರೂ, ಮೇಲಿನ ಲೆಕ್ಕದ ಗುಂಡಿ ಎಳೆಯುವ ಅಂತರ್ಜಲ ಎಂಟು ಎಕರೆಯ ಒಂದು ಬೆಳೆಗೆ ಸಮ. ಆದರೆ ಪಕ್ಕದಲ್ಲೇ ಇರುವ, ಅದೇ ಸೀಳಿನ ಬೋರಿಗೆ ಆ ಚಿಕ್ಕದೇ ಸಾಕು.

ಇದಕ್ಕೆ ಮಾಡೆಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮಳೆ, ಬೋರು ಎಲ್ಲ ಹಾಗೇ ಇಟ್ಟು ಒಮ್ಮೆ ಕ್ವಾರಿ ಸಮೇತ, ಒಮ್ಮೆ ಕ್ವಾರಿ ಇಲ್ಲದೆ ಓಡಿಸಬೇಕು. ನಡುವಿನ ವ್ಯತ್ಯಾಸವೇ ಕ್ವಾರಿಯ ಪಾಲು. ಹೊರಗಿನಿಂದ ಬರುವ ನೀರನ್ನೂ ಮರೆಯಬಾರದು. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳ ಸುತ್ತ ನೀರಿನ ಮಟ್ಟ ಏರಿದ್ದನ್ನು ತೋರಿಸಿ "ನೋಡಿ, ಕ್ವಾರಿ ಇದ್ದರೂ ಮಟ್ಟ ಏರಿದೆ" ಅಂದರೆ, ಆ ಮಾತಿಗೂ ಕ್ವಾರಿಗೂ ಸಂಬಂಧವೇ ಇಲ್ಲ.

ಮಾಡೆಲ್‌ಗೆ ಬೇಕಾದ ಅಳತೆಗಳು ಎಲ್ಲಿ ಸಿಗುತ್ತವೆ?

ಸಾಕಷ್ಟು ಸರ್ಕಾರದ ಹತ್ತಿರವೇ ಇವೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ, ಇಂಡಿಯಾ-ವ್ರಿಸ್ ಜಾಲತಾಣದಲ್ಲಿ ನೋಡಬಹುದು. ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಬಾವಿಗಳು ಬೇರೆ ಇವೆ. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿವೆ. ಕೆರೆಯಲ್ಲಿ ಯಾವ ತಿಂಗಳು ಎಷ್ಟು ನೀರಿತ್ತು ಅನ್ನುವುದನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ 2015ರಿಂದೀಚೆಗೆ ಉಚಿತವಾಗಿ ನೋಡಬಹುದು. ಕಾಲುವೆ, ಸರ್ವೆ ನಂಬರ್‌ಗೆ ಕಂದಾಯ ಇಲಾಖೆಯ ದಿಶಾಂಕ್ ಆಪ್. ಅನುಮತಿ ಕಾಗದ, ವರದಿಗಳು ಪರಿವೇಶ್ ಜಾಲತಾಣದಲ್ಲಿ.

ಆದರೆ ನಿಮ್ಮ ಕ್ವಾರಿಯ ಪಕ್ಕದ ಬಾವಿ ಈ ಯಾವುದರಲ್ಲೂ ಇರುವುದಿಲ್ಲ. ಅದನ್ನು ನೀವೇ ಅಳೆಯಬೇಕು, ಗುಂಡಿ ತೋಡುವುದಕ್ಕೆ ಮೊದಲು, ಕನಿಷ್ಠ ಒಂದು ಮಳೆಗಾಲ ಒಂದು ಬೇಸಿಗೆ. ಟೇಪು, ತುದಿಗೆ ಒಂದು ಭಾರ, ಒಂದು ನೋಟ್‌ಬುಕ್ ಸಾಕು. ಬೆಳಗ್ಗೆ ಪಂಪು ಹಾಕುವ ಮುಂಚೆ, ಹದಿನೈದು ದಿನಕ್ಕೊಮ್ಮೆ, ಬಾವಿಯ ಅದೇ ಅಂಚಿನಿಂದ. ದಿನಾಂಕದ ಜೊತೆ ಫೋಟೋ ಇಡಿ. ಗುಂಡಿಗೆ ಮೊದಲಿನ ಅಳತೆ ಇಲ್ಲದೆ ಆಮೇಲೆ ಎಷ್ಟು ದೊಡ್ಡ ಮಾಡೆಲ್ ಕಟ್ಟಿದರೂ ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಹೇಳಿಕೊಳ್ಳುತ್ತಾರೆ. ಇಲ್ಲಿ ಹೇಳಿರುವ ಬೇರೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

"ಮಾಡೆಲ್ ಕ್ಯಾಲಿಬ್ರೇಟ್ ಆಗಿದೆ, 95% ಹೊಂದಿದೆ" ಅಂದರೆ?

ಅಳೆದ ಮಟ್ಟ, ಲೆಕ್ಕದ ಮಟ್ಟ ಎರಡೂ ಒಂದು ಗೆರೆಯ ಮೇಲೆ ಬಂದವು ಅಂತ. ಗುಡ್ಡದ ಬಾವಿ 900 ಮೀಟರ್ ಎತ್ತರದಲ್ಲಿ, ಕಣಿವೆಯದು 820ರಲ್ಲಿ ಇದ್ದರೆ ಎಂಥ ಒರಟು ಮಾಡೆಲ್ ಆದರೂ ಚೆನ್ನಾಗಿ ಹೊಂದಿದ ಹಾಗೇ ಕಾಣುತ್ತದೆ. ಮೀಟರ್‌ಗಳಲ್ಲಿ ತಪ್ಪು ಎಷ್ಟು ಅಂತ ಕೇಳಿ. ತಪ್ಪೇ ಐದು ಮೀಟರ್ ಇದ್ದು, ಕೆರೆ ಹತ್ತಿರ ಇಳಿತ ಅರ್ಧ ಮೀಟರ್ ಅಂತ ಬರೆದಿದ್ದರೆ ಆ ಅರ್ಧ ಮೀಟರ್‌ಗೆ ಬೆಲೆ ಇಲ್ಲ.

ಬರೀ ಮಟ್ಟ ಹೊಂದಿಸಿದ್ದರೂ ಸಾಲದು. ಇಂಗುವುದನ್ನೂ ಎರಡು ಪಟ್ಟು, ಕಲ್ಲು ನೀರು ಸಾಗಿಸುವ ಶಕ್ತಿಯನ್ನೂ ಎರಡು ಪಟ್ಟು ಮಾಡಿದರೆ ಮಟ್ಟ ಹೆಚ್ಚುಕಮ್ಮಿ ಅದೇ ಬರುತ್ತದೆ, ಗುಂಡಿಗೆ ಬರುವ ನೀರು ಮಾತ್ರ ದುಪ್ಪಟ್ಟು. ಎತ್ತಿದ ನೀರಿನ ಅಳತೆಯೂ, ಅಂದರೆ ಪಂಪಿನ ಮೀಟರ್ ಲೆಕ್ಕವೂ, ಹೊಂದಬೇಕು. ಒಳ್ಳೆಯವರು ಒಂದು ಸಂಖ್ಯೆ ಕೊಡುವುದಿಲ್ಲ. ಪೆಸ್ಟ್ ಥರದ ಉಚಿತ ಸಾಧನ ಬಳಸಿ ನೂರಾರು ಸಾಧ್ಯತೆ ಓಡಿಸಿ "ಇಷ್ಟರಿಂದ ಇಷ್ಟರ ತನಕ" ಅನ್ನುತ್ತಾರೆ.

ಕೆಆರ್‌ಎಸ್ ಹತ್ತಿರದ ಬೇಬಿ ಬೆಟ್ಟದ ಕ್ವಾರಿ ಜಗಳವೂ ಇದೇನಾ?

ಅಲ್ಲ. ಅಲ್ಲಿನ ಮುಖ್ಯ ವಿಷಯ ಸ್ಫೋಟದ ಕಂಪನ ಮತ್ತು ಕೆಆರ್‌ಎಸ್ ಅಣೆಕಟ್ಟು. ಅದಕ್ಕೆ ಬೇರೆ ಅಳತೆ, ಬೇರೆ ಲೆಕ್ಕ.

ಕಾನೂನು ಏನು ಹೇಳುತ್ತದೆ?

ಸಣ್ಣ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2016ರ ತಿದ್ದುಪಡಿ ಬಂದಮೇಲೆ ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರ್‌ಗಿಂತ ಕಡಿಮೆ ಇದ್ದರೆ ಎಲ್ಲ ಸೇರಿ ಒಂದು ಕ್ಲಸ್ಟರ್. ಲೆಕ್ಕದಲ್ಲೂ ಒಟ್ಟಿಗೇ ಇರಬೇಕು. ಹತ್ತು ಗುಂಡಿಗೆ ಹತ್ತು ವರದಿ, ಪ್ರತಿಯೊಂದರಲ್ಲೂ "ಪರಿಣಾಮ ಅತ್ಯಲ್ಪ" ಅನ್ನುವುದನ್ನು ಇದು ತಡೆಯಬೇಕಿತ್ತು. ಅಂತರ್ಜಲಕ್ಕೆ ರಾಜ್ಯದ 2011ರ ಕಾಯ್ದೆ ಇದೆ.

ಜೌಗುಭೂಮಿ ನಿಯಮ ನಂಬಿಕೊಂಡವರಿಗೆ ಒಂದು ಎಚ್ಚರಿಕೆ. 2017ರ ಕೇಂದ್ರ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಅಂತ ಮನುಷ್ಯರು ಕಟ್ಟಿದ ಜಲಕಾಯಗಳನ್ನು ಹೊರಗಿಟ್ಟಿವೆ. ನಮ್ಮ ಕೆರೆಗಳಲ್ಲಿ ಬಹುಪಾಲು ಅಂಥವೇ! ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆಗಳು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ. ಎಲ್ಲ ಕೆರೆಗೂ ಆ ಅದೃಷ್ಟ ಇಲ್ಲ, ಉಳಿದವು ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆಯನ್ನೇ ನೆಚ್ಚಬೇಕು.

ನಮ್ಮದು ಕರಾವಳಿ, ಕೆಂಪು ಕಲ್ಲಿನ ಕ್ವಾರಿ. ಇದೇ ಲೆಕ್ಕ ನಡೆಯುತ್ತದಾ?

ಇಲ್ಲ. ಮುರಕಲ್ಲು, ಅಂದರೆ ಆ ಕೆಂಪು ಕಲ್ಲು, ತೂತು ತೂತು, ಮಳೆಗಾಲದಲ್ಲಿ ನೀರು ಕುಡಿದು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಸುರಂಗಗಳು, ಅಂದರೆ ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ದಾರಿಗಳು, ಇದನ್ನೇ ನಂಬಿವೆ. ಇಲ್ಲಿ ಪಂಪು ಹಾಕದಿದ್ದರೂ ಕ್ವಾರಿ ಕೆಡುಕು ಮಾಡಬಹುದು, ಯಾಕೆಂದರೆ ತೆಗೆಯುವ ಕಲ್ಲೇ ನೀರಿನ ದಾಸ್ತಾನು. ಮಾಡೆಲ್‌ನಲ್ಲಿ ಡ್ರೈನ್ ಇಟ್ಟರೆ ಸಾಲದು, ಆ ಚೌಕಗಳ ಪದರವನ್ನೇ ತೆಗೆಯಬೇಕು. ತಿಂಗಳಿಗೊಂದು ಹೆಜ್ಜೆಯಾದರೂ ಇಟ್ಟು ನಡೆಸಬೇಕು, ವರ್ಷದ ಸರಾಸರಿ ಹಿಡಿದರೆ ಮಳೆಗಾಲದ ನೀರು ಬೇಸಿಗೆಯ ಬರವನ್ನು ಮುಚ್ಚಿಹಾಕುತ್ತದೆ.

ಮಲೆನಾಡಿನ ರಾಂಪತ್ರೆ ಜಡ್ಡಿಗಳ ವಿಷಯ ಇನ್ನೂ ಸೂಕ್ಷ್ಮ. ಸಿದ್ದಾಪುರದ ಕತ್ತಲೆಕಾನಿನಂಥ ಕಡೆ ವರ್ಷವಿಡೀ ಒಸರುವ ನೀರಿನಲ್ಲಿ ಬೇರು ಮೇಲೆತ್ತಿ ನಿಂತ ಮರಗಳಿವೆ. ಬೋರಿಗೆ ಒಂದು ಮೀಟರ್ ಇಳಿದರೆ ಲೆಕ್ಕಕ್ಕಿಲ್ಲ, ಇಂಥ ಜಾಗಕ್ಕೆ ಒಂದು ಗೇಣು ಇಳಿದರೂ ದೊಡ್ಡದು. ಐದು ಮೀಟರ್ ತಪ್ಪಿರುವ ಮಾಡೆಲ್ ಇಲ್ಲಿ ಏನನ್ನೂ ಹೇಳಲಾರದು.

ಕಲಬುರಗಿ ಕಡೆ ಸುಣ್ಣದ ಕಲ್ಲಿನ ಗಣಿಗಳು?

ಸೇಡಂ, ಚಿತ್ತಾಪುರದ ಸುಣ್ಣದ ಕಲ್ಲಿನಲ್ಲಿ ನೀರು ಪದರಗಳ ನಡುವೆ, ಕರಗಿ ಅಗಲವಾದ ಬಿರುಕುಗಳಲ್ಲಿ ಓಡುತ್ತದೆ. ಒಂದು ಬಿರುಕು ಸಿಕ್ಕರೆ ಒಳಹರಿವು ಒಮ್ಮೆಲೇ ಏರಬಹುದು. ಸಾಮಾನ್ಯ ಮಾಡೆಲ್ ಇದನ್ನು ಸರಾಸರಿ ಮಾಡಿ ಮರೆಸುತ್ತದೆ. ಬಣ್ಣ ಹಾಕಿ ನೀರು ಎಲ್ಲಿ ಹೊರಬರುತ್ತದೆ ಅಂತ ನೋಡುವ ಪರೀಕ್ಷೆ ಅಲ್ಲಿ ಜಾಸ್ತಿ ಉಪಯೋಗ.

ಕ್ವಾರಿ ನಿಂತಮೇಲೆ ಗುಂಡಿ ತುಂಬಿ ಕೆರೆಯಾಗುತ್ತದಲ್ಲ, ಒಳ್ಳೇದೇ ಅಲ್ವಾ?

ಅರ್ಧ ಸರಿ. ಪಂಪು ನಿಂತರೆ ಮಟ್ಟ ನಿಧಾನವಾಗಿ ಏರುತ್ತದೆ. ಆದರೆ ತೆರೆದ ನೀರು ಬಯಲುಸೀಮೆಯಲ್ಲಿ ವರ್ಷಕ್ಕೆ ಒಂದೂವರೆ ಮೀಟರ್ ಆಸುಪಾಸು ಆವಿಯಾಗುತ್ತದೆ, ಮಳೆ ಬೀಳುವುದು ಅದರ ಅರ್ಧ. ಒಂದು ಹೆಕ್ಟೇರ್ ನೀರಿನ ಗುಂಡಿ ವರ್ಷಕ್ಕೆ ಎಂಟು ಸಾವಿರ ಘನ ಮೀಟರ್ ಸುತ್ತಲಿಂದ ಎಳೆದುಕೊಂಡು ಗಾಳಿಗೆ ಬಿಡಬಹುದು. ಸುತ್ತಲಿನ ಮೇಲ್ನೀರು ಹರಿದು ಬಂದು ಸೇರಿದರೆ ಲೆಕ್ಕ ತಿರುಗುತ್ತದೆ, ಆದರೆ ಆ ನೀರು ಕೆಳಗಿನ ಕೆರೆಯ ಪಾಲಿನದ್ದು.

ಗುಂಡಿಗೆ ಕಸ ತುಂಬುವ ಯೋಚನೆ ಮಾತ್ರ ಬೇಡ. ಬೆಂಗಳೂರಿನ ಉತ್ತರಕ್ಕೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೇ ಕ್ವಾರಿಗಳಿಗೆ ನಗರದ ಕಸ ಹಾಕಿದ್ದಾರೆ. ಬಿರುಕು ಬಿಟ್ಟ ಬಂಡೆಯ ಗುಂಡಿಯಲ್ಲಿ ಕಸದ ರಸ ಎಲ್ಲಿಗೆ ಹೋಗುತ್ತದೆ ಅನ್ನುವ ಮಾಡೆಲ್ ಈ ಪುಟದ ಎಲ್ಲಕ್ಕಿಂತ ಕಷ್ಟದ್ದು.

ಎತ್ತಿದ ನೀರನ್ನು ಕೆರೆಗೇ ಬಿಟ್ಟರೆ ಸರಿಹೋಗುತ್ತದಾ?

ತುಂಬಾ ಸಲ ಇದೇ ಅಗ್ಗದ ಪರಿಹಾರ. ಮೊದಲು ಒಂದು ಹೊಂಡದಲ್ಲಿ ಕಲ್ಲು ಹಿಟ್ಟು ತಳಕ್ಕೆ ಕೂರಬೇಕು, ನೈಟ್ರೇಟ್ ಪರೀಕ್ಷೆ ಆಗಬೇಕು, ಪಂಪಿಗೆ ಮೀಟರ್ ಇರಬೇಕು. ಕ್ವಾರಿಯಿಂದ ಮೇಲ್ಗಡೆ ಇರುವ ಬೋರುಗಳಿಗೆ ಇದರಿಂದ ಏನೂ ಸಿಗುವುದಿಲ್ಲ, ಅವರಿಗೆ ಬೇರೆ ಏರ್ಪಾಡು ಬೇಕು. ಗುಂಡಿಯ ಅಂಚಿನಲ್ಲೇ ಇಂಗುಗುಂಡಿ ತೋಡಿದರೆ ಆ ನೀರು ತಿರುಗಿ ಗುಂಡಿಗೇ ಬಂದು ಮತ್ತೆ ಪಂಪಿಗೆ ಸಿಗುತ್ತದೆ. ಇದನ್ನು "ಮರುಪೂರಣ" ಅಂತ ಲೆಕ್ಕ ತೋರಿಸುವವರೂ ಇದ್ದಾರೆ.

ಸಾರ್ವಜನಿಕ ಸಭೆಯಲ್ಲಿ ಏನು ಕೇಳಬೇಕು?

ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಭಾಷಣ ಮಾಡಿದರೆ ನಡಾವಳಿಯಲ್ಲಿ "ಗ್ರಾಮಸ್ಥರು ಆಕ್ಷೇಪಿಸಿದರು" ಅಂತ ಒಂದು ಸಾಲು ಬರುತ್ತದೆ, ಅಷ್ಟೇ. ಪ್ರಶ್ನೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ನೀರಿನ ಮಟ್ಟ ಯಾವ ಬಾವಿಯಲ್ಲಿ, ಯಾವ ದಿನ ಅಳೆದದ್ದು? ಕೆರೆಗೆ ಸ್ಥಿರ ಮಟ್ಟ ಕೊಟ್ಟಿದ್ದೀರಾ? ಕ್ಲಸ್ಟರ್‌ನ ಎಲ್ಲ ಗುಂಡಿಗಳನ್ನೂ ಕೊನೆಯ ಆಳಕ್ಕೆ ಇಟ್ಟು ಓಡಿಸಿದ್ದೀರಾ? ತಪ್ಪಿನ ಪ್ರಮಾಣ ಎಷ್ಟು ಮೀಟರ್? ನಮ್ಮ ಬಾವಿ ಇಷ್ಟು ಇಳಿದರೆ ಪಂಪು ನಿಲ್ಲಿಸುತ್ತೇವೆ ಅನ್ನುವ ಗೆರೆ ಯಾವುದು, ಅದನ್ನು ಅನುಮತಿಯ ಷರತ್ತಿನಲ್ಲಿ ಬರೆಸುತ್ತೀರಾ? ಮಾಡೆಲ್ ಫೈಲುಗಳನ್ನು ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ಇಲ್ಲ ಅಂದರೆ, ಯಾಕೆ ಇಲ್ಲ ಅನ್ನುವುದನ್ನೂ ನಡಾವಳಿಯಲ್ಲಿ ಬರೆಸಿ.